ಬೆಚ್ಚಗಿನ ಕಡಿವಾಣ

ಕಾಪು ಕಡಲತೀರದಲ್ಲಿ ಪ್ರವಾಸಿಗರನ್ನು ಹೊರುವ ಕೆಂಚ ಎಂಬ ಕುದುರೆಯ ನಾಲಿಗೆ ಸೀಳಿಹೋಯಿತು. ಅದರ ಬಾಯಿಗೆ ಮುಳ್ಳಿನ ಕಡಿವಾಣ ಹಾಕಿಸಿದವನು ಮಾಲೀಕ ಧರ್ಮಪಾಲ. ಲಗಾಮು ಜಗ್ಗಿದವನು ಅವನ ಆಳು ಯಮನೂರ.

ಮೊದಲು ನೋಡಿದ್ದು ಲವಿಟಾ. ದೀಪಸ್ತಂಭದ ಕೆಳಗೆ ಅವಳದೊಂದು ಸೋಡಾ ಅಂಗಡಿ.

“ಬಾಯಲ್ಲಿ ರಕ್ತ ಉಂಟು. ನಿಮಗೆ ಕಣ್ಣು ಕಾಣುವುದಿಲ್ವಾ?”

“ಸೊಕ್ಕು ಮಾಡಾಕತ್ತಿತ್ರಿ. ತಲೆ ಎತ್ತಿದಷ್ಟೂ ಜಗ್ಗಿದೆ.”

“ಅದು ಸೊಕ್ಕಲ್ಲ ಮಾರಾಯ್ರೆ, ನೋವು.”

ಮರುದಿನ ಸಂಜೆ ಅವಳು ಅಪ್ಪನ ಟ್ರಂಕಿನಿಂದ ಕಡಿವಾಣಗಳ ಒಂದು ಚೀಲವನ್ನು ಯಮನೂರನ ಬಳಿಗೆ ತಂದಳು. ಅಪ್ಪ ಡೊಮಿನಿಕ್ ದುಬೈಯ ಲಾಯದಲ್ಲಿದ್ದವರು. ರಜೆಗೆ ಬಂದಾಗ ಮಗಳಿಗೆ ಹೇಳುತ್ತಿದ್ದುದೆಲ್ಲ ಕುದುರೆಗಳ ಕಥೆಯೇ.

“ಕೈ ಕೊಡಿ.”

“ಯಾಕ್ರೀ?”

“ಹಿಡಿಯಲಿಕ್ಕೆ ಅಲ್ಲ. ಕಲಿಯಲಿಕ್ಕೆ.”

ಮೊದಲು ಕೆಂಚನ ಮುಳ್ಳಿನದನ್ನೇ ಅವನ ಅಂಗೈಯಲ್ಲಿಟ್ಟು ಮೆಲ್ಲಗೆ ಎಳೆದಳು. ಯಮನೂರ ಹಲ್ಲು ಕಚ್ಚಿದ. ಎರಡನೆಯದಕ್ಕೆ ಎರಡೂ ಬದಿ ಉದ್ದನೆಯ ತೋಳು, ಕುದುರೆಯ ಗದ್ದದಡಿಗೆ ಸರಪಳಿ. ಅದನ್ನು ಅವನ ಮಣಿಕಟ್ಟಿಗೆ ತೊಡಿಸಿ ಅವಳು ಎರಡೇ ಬೆರಳಲ್ಲಿ ಎಳೆದರೂ ಕೈ ಇಕ್ಕಳಕ್ಕೆ ಸಿಕ್ಕಂತಾಯಿತು.

“ಇದು ಕರ್ಬ್. ಕೈ ಹಗುರ ಇದ್ದವರಿಗೆ ಮಾತ್ರ.”

ಮೂರನೆಯದು ಸ್ನ್ಯಾಫಲ್. ಎರಡು ಬಳೆ, ನಡುವೆ ಕೀಲಿರುವ ನುಣುಪು ಕಂಬಿ. “ನಾವು ಎಳೆದಷ್ಟೇ ತಾಗ್ತದೆ. ಹಾಗಂತ ಜಗ್ಗಿದರೆ ಇದೂ ನೋಯಿಸ್ತದೆ.”

“ತಾಗಲೇ ಇಲ್ಲಲ್ರೀ,” ಎಂದ ಯಮನೂರ. ಕಣ್ಣು ಕಡಿವಾಣದ ಮೇಲಿರಲಿಲ್ಲ.

“ಸುಳ್ಳು,” ಎಂದಳು. ಕೈ ಮಾತ್ರ ಬಿಡಲಿಲ್ಲ.

ಧರ್ಮಪಾಲ ಕಾರ್ಕಳದ ಮನೆಗೆ ಹೋಗಿದ್ದ. ನಾಲಿಗೆ ಮಾಯುವವರೆಗೆ ಯಮನೂರ ಕೆಂಚನ ಬಾಯಿಗೆ ಏನೂ ಹಾಕಲಿಲ್ಲ. ಆಮೇಲೆ ಸ್ನ್ಯಾಫಲ್ ಹಿಡಿದು ನಿಂತ. ಅದರ ಬಾಯಂಚಿನ ಹಲ್ಲಿಲ್ಲದ ಸಂದಿನಲ್ಲಿ ಹೆಬ್ಬೆರಳಿಟ್ಟು, ಕುದುರೆ ತಾನಾಗಿ ಬಾಯಿ ತೆರೆಯುವವರೆಗೆ ಕಾದ.

ಡಿಸೆಂಬರಿನ ಬೆಳಗಿಗೆ ಕಬ್ಬಿಣ ತಣ್ಣಗೆ. ಲವಿಟಾ ಅದನ್ನು ಎರಡು ಅಂಗೈಗಳ ನಡುವೆ ಬೆಚ್ಚಗೆ ಮಾಡಿ ಕೊಡುತ್ತಿದ್ದಳು.

“ಇನ್ನೂ ತಣ್ಣಗೈತ್ರಿ,” ಎಂದು ಅವನು ಮರಳಿಸುವನು.

“ಯಾರಿಗೆ, ಕುದುರೆಗಾ, ನಿಮಗಾ?”

ಅವನು ಕೆಂಚನ ಕುತ್ತಿಗೆಯ ಹಿಂದೆ ಮುಖ ಮುಚ್ಚಿಕೊಳ್ಳುವನು.

ಕ್ರಿಸ್ಮಸ್ ಜನಸಂದಣಿಯ ಹೊತ್ತಿಗೆ ಧರ್ಮಪಾಲ ಮರಳಿದ.

“ಎಂತ ಇದು, ಮಕ್ಕಳ ಆಟದ ಸಾಮಾನಾ? ಕುದುರೆ ಓಡಿದರೆ ಯಾರು ನಿಲ್ಲಿಸುವುದು?”

“ನಾನು ನಿಲ್ಲಸ್ತೀನ್ರಿ. ಈಗ ಮಾತು ಕೇಳ್ತೈತಿ.”

ಧರ್ಮಪಾಲ ಸ್ನ್ಯಾಫಲ್ ಕಿತ್ತೆಸೆದು, ಮುಳ್ಳಿನದನ್ನು ತಾನೇ ತುರುಕಲು ನೋಡಿದ. ಕೆಂಚ ಹಲ್ಲು ಬಿಗಿಹಿಡಿಯಿತು. ಬೆವರಿದ ಮಾಲೀಕ ಕಡಿವಾಣವನ್ನು ಯಮನೂರನ ಕಾಲಬುಡಕ್ಕೆ ಒಗೆದ.

“ನಿನಗೆ ಮಾತ್ರ ಬಾಯಿ ಬಿಡ್ತದಲ್ಲ, ಹಾಕು. ಇಲ್ಲದಿದ್ರೆ ಗಂಟು ಕಟ್ಟಿ ನಿನ್ನ ಊರಿಗೆ ಹೋಗು.”

ಬಾದಾಮಿ ಕಡೆಯಿಂದ ಬಸ್ಸು ಹತ್ತಿ ಬಂದಂದಿನಿಂದ ಯಮನೂರ ಬದುಕಿದ್ದೇ ‘ಹೂಂ’ ಎಂಬ ಒಂದು ಮಾತಿನಲ್ಲಿ. ಗಾರೆ ಹೊರು ಎಂದರೆ ಹೂಂ, ಲಾಯದಲ್ಲೇ ಮಲಗು ಎಂದರೆ ಹೂಂ, ಜಗ್ಗು ಎಂದರೂ ಹೂಂ. ಸೋಡಾ ಅಂಗಡಿಯಲ್ಲಿ ಲವಿಟಾ ತೆರೆದ ಬಾಟಲಿ ಉಕ್ಕಿ ಅವಳ ಕೈ ತೋಯುತ್ತಿತ್ತು. ಅವಳಿಗೆ ಅದರ ಅರಿವಿರಲಿಲ್ಲ.

ಯಮನೂರ ಬಗ್ಗಿದ. ಮುಳ್ಳಿನದನ್ನು ಅಲ್ಲೇ ಬಿಟ್ಟು, ಮರಳಿನಲ್ಲಿ ಬಿದ್ದಿದ್ದ ಸ್ನ್ಯಾಫಲ್ ಎತ್ತಿ ಅಂಗಿಗೆ ಒರೆಸಿದ. ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡ.

“ಮುಳ್ಳು ಹಾಕಂಗಿಲ್ರಿ,” ಎಂದ.

ಆಮೇಲೆ ಸೋಡಾ ಅಂಗಡಿಯ ಕಡೆ ತಿರುಗಿದ.

“ಊರಿಗೂ ಹೋಗಂಗಿಲ್ಲ.”