ಕೊನೆಯ ಸಾಲಿಲ್ಲದ ಗಡಿಗೆಗಳು

ಹುಣಸೆಹಣ್ಣಿಗೆ ಇನ್ನೂ ಹುಳಿ ಹಿಡಿಯದಿದ್ದ ಕಾಲದಲ್ಲಿ ಕೊರಲನಾಡು ಎಂಬೊಂದು ರಾಜ್ಯವಿತ್ತು. ಅಲ್ಲಿಯ ಜನ ಹಾಡನ್ನು ಓಲೆಯಲ್ಲಿ ಬರೆದಿಡುತ್ತಿರಲಿಲ್ಲ, ಗಡಿಗೆಯಲ್ಲಿ ತುಂಬಿಡುತ್ತಿದ್ದರು. ತಿಗರಿಯ ಮೇಲೆ ಹಸಿ ಗಡಿಗೆ ತಿರುಗುತ್ತಿರುವಾಗ ಹಾಡುವವರು ಅದರ ಬಾಯಿಯ ಹತ್ತಿರ ಬಗ್ಗಿ ಪದ ಹೇಳಬೇಕು. ಆವಿಗೆಯಲ್ಲಿ ಸುಟ್ಟ ಮೇಲೆ ಆ ದನಿ ಮಣ್ಣಿನಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಬೇಕಾದಾಗ ಒಂದು ತಂಬಿಗೆ ತಣ್ಣೀರು ಹೊಯ್ದರೆ ಸಾಕು, ಹಾಡಿದವರು ಸತ್ತು ಎಷ್ಟು ಕಾಲವಾಗಿದ್ದರೂ ಗಡಿಗೆ ಅವರ ದನಿಯಲ್ಲೇ ಹಾಡುತ್ತಿತ್ತು. ನಡುವೆ ಅವರು ಕೆಮ್ಮಿದ್ದರೆ ಆ ಕೆಮ್ಮೂ ಕೇಳುತ್ತಿತ್ತು.

ಆದರೆ ಒಂದು ಪದ್ಧತಿಯಿತ್ತು. ಕೊರಲನಾಡಿನವರು ಅನ್ನದ ಪಾತ್ರೆಯನ್ನು ತಳದವರೆಗೆ ಬಳಿಯುವವರಲ್ಲ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವವರೂ ಅಲ್ಲ, 'ಬರ್ತೀನಿ' ಎನ್ನುವವರು. ಹಾಗೆಯೇ ಪದದ ಕೊನೆಯ ಸಾಲನ್ನು ಅವರು ಗಡಿಗೆಯಲ್ಲಿ ಹಾಡುತ್ತಿರಲಿಲ್ಲ. ನೀರು ಹೊಯ್ದವರು ಆ ಸಾಲನ್ನು ತಾವೇ ಕೂಡಿಸಬೇಕು. ಕೊನೆಯ ಸಾಲು ಕೂಡಿಸಿದವರದೇ ಪದ ಎಂದು ಅಲ್ಲಿಯ ಹಿರಿಯರು ಹೇಳುತ್ತಿದ್ದರು.

ಈ ಗಡಿಗೆಗಳಿಗೆಂದೇ ಅರಮನೆಯ ಮಗ್ಗುಲಲ್ಲಿ ಪದದ ಮನೆಯಿತ್ತು. ಅದನ್ನು ನೋಡಿಕೊಳ್ಳುವವನು ಕುಂಬಾರ ಕಲ್ಲಪ್ಪ. ಅವನಿಗೊಬ್ಬಳು ಮಗಳು, ದುಂಡವ್ವ. ಹೆಸರಷ್ಟೇ ದುಂಡವ್ವ, ಆಳು ನೋಡಿದರೆ ಜೋಳದ ದಂಟು. ಬಾಯಿ ಮಾತ್ರ ಊರಗಲ.

ದುಂಡವ್ವನ ತಾಯಿ ಹೊನ್ನವ್ವ ಬೀಸುವ ಪದಗಳಿಗೆ ಹೆಸರಾದವಳು. ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಒಂದು ಗಡಿಗೆಗೆ ಪದ ಹೇಳಿದಳು, ಅದೇ ವರ್ಷ ಜ್ವರ ಬಂದು ತೀರಿಕೊಂಡಳು. ಅದೇ ವರ್ಷ ದೊರೆ ವೀರಧವಳನಿಗೆ ಒಂದು ಭಯ ಹುಟ್ಟಿತು. ಕೇಳಿ ಕೇಳಿ ಪದಗಳು ಸವೆದುಹೋದರೆ? ದೊರೆ ಕೆಟ್ಟವನಲ್ಲ, ಪದವೆಂದರೆ ಪ್ರಾಣ ಬಿಡುತ್ತಿದ್ದ. ಅದಕ್ಕೇ ಎಲ್ಲ ಗಡಿಗೆಗಳ ಬಾಯಿಗೂ ಅರಗು ಹಾಕಿಸಿದ, ಪದದ ಮನೆಗೆ ಬೀಗ ಜಡಿಸಿದ. ಕಾಪಾಡುವುದೆಂದರೆ ಮುಟ್ಟದೆ ಇರುವುದು ಎಂದುಕೊಂಡ, ಪುಣ್ಯಾತ್ಮ.

ಹೀಗಾಗಿ ದುಂಡವ್ವ ಮದುವೆಯ ವಯಸ್ಸಿಗೆ ಬಂದರೂ ಹೆತ್ತವ್ವನ ದನಿಯನ್ನು ಬುದ್ಧಿ ಬಂದ ಮೇಲೆ ಒಮ್ಮೆಯೂ ಕೇಳಿರಲಿಲ್ಲ. ಧೂಳು ಒರೆಸಲು ಅಪ್ಪನ ಜೊತೆ ಒಳಗೆ ಹೋದಾಗಲೆಲ್ಲ ಅವ್ವನ ಆ ಒಂದು ಗಡಿಗೆಗೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಬೆರಳಿನಿಂದ ಬಡಿದು ನೋಡುತ್ತಿದ್ದಳು. ವರ್ಷ ಕಳೆದಂತೆ ಕಣಕಣ ಎನ್ನುತ್ತಿದ್ದ ಗಡಿಗೆ ಬದ್ದಬದ್ದ ಎನ್ನತೊಡಗಿತು.

"ಅಪ್ಪಾ, ಒಣಗಿ ಬಿರಕ ಬಿಡಾಕತ್ತೈತಿ," ಎಂದಳು.

"ನೀರು ಕಾಣದ ಗಡಿಗಿ ಮತ್ತೇನು ಮಾಡೀತು, ಮಗಳ?" ಎಂದು ಕಲ್ಲಪ್ಪ ನಿಟ್ಟುಸಿರು ಬಿಟ್ಟ.

ಹೀಗಿರುವಾಗ ಒಂದು ಮಟಮಟ ಮಧ್ಯಾಹ್ನ ಸುಂಟರಗಾಳಿ ಎದ್ದಿತು. ಗಾಳಿಯೊಳಗಿಂದ ಬರಿಗಂಟಲ ಎಂಬ ಮಾಯಾವಿ ಇಳಿದ. ಅವನಿಗೆ ಸ್ವಂತ ದನಿಯಿರಲಿಲ್ಲ. ಕದ್ದ ದನಿಗಳನ್ನು ಗಂಟಲಲ್ಲಿ ತುಂಬಿಕೊಂಡು ಒಂದು ಮಾತನ್ನು ಮುದುಕಿಯಂತೆ, ಇನ್ನೊಂದನ್ನು ಕುರುಬನಂತೆ ಆಡುತ್ತಿದ್ದ. ಪದದ ಮನೆಯ ಮಾಡನ್ನೇ ಕಿತ್ತೆಸೆದು, ಅಷ್ಟೂ ಗಡಿಗೆಗಳನ್ನು ಗಾಳಿಗೆ ಹೊರಿಸಿಕೊಂಡು ತನ್ನ ಕರಿಬೆಟ್ಟದ ಗವಿಗೆ ಹೊರಟುಹೋದ.

ಮರುಗಳಿಗೆಯಲ್ಲೇ ನಾಡಿನ ಬಾಯಿ ಕಟ್ಟಿತು. ಬೀಸುವವರು ಬಾಯಿ ತೆರೆದರೆ ಬರೀ ಗಾಳಿ. ತೊಟ್ಟಿಲು ತೂಗುವವರು ಬಾಯಿ ತೆರೆದರೂ ಬರೀ ಗಾಳಿ. ಮಾತು ಬರುತ್ತಿತ್ತು, ಪದ ಬರುತ್ತಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ದೊರೆ ಪದದ ಮನೆಯ ಸುತ್ತ ಕಾವಲಿಟ್ಟ. ಖಾಲಿ ಮನೆಗೆ ಕಾವಲು ಕಾಯುವವರಿಗೂ ನಾಚಿಕೆಯಾಯಿತು.

"ಅವ ಗಡಿಗಿ ಒಯ್ದಾನ, ಪದ ಇನ್ನೂ ನುಂಗಿಲ್ಲ," ಎಂದ ಕಲ್ಲಪ್ಪ. "ಪೂರಾ ಪದ ಅಷ್ಟೇ ಅವನ ಗಂಟಲದಾಗ ನಿಲ್ಲತೈತಿ. ಕೊನೀ ಸಾಲು ಅವನ ಕೈಗೆ ಸಿಕ್ಕರ ಮುಗೀತು, ಮತ್ತ ಯಾವತ್ತೂ ತಿರುಗಿ ಬರೂದಿಲ್ಲ."

"ಹಂಗಾರ ಅದಕ್ಕ ಮೊದಲ ನಾ ತರ್ತೀನಿ," ಎಂದಳು ದುಂಡವ್ವ.

"ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಅವನ ಕೈಯಾಗ ದೊಣ್ಣಿ ಐತಿ, ಮಗಳ."

"ನನ್ನ ಕೈಯಾಗೂ ಬೆರಳ ಅದಾವ, ಅಪ್ಪ. ಬರ್ತೀನಿ."

ಒಂದು ತಂಬಿಗೆ ನೀರು, ಎರಡು ರೊಟ್ಟಿ, ಒಂದು ಮುಷ್ಟಿ ಹಿಂಡಿಚಟ್ನಿ. ಇಷ್ಟು ಕಟ್ಟಿಕೊಂಡು ದುಂಡವ್ವ ಕರಿಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಒಂದು ಹುಲಿಯಿತ್ತು. ಎಂಥ ಹುಲಿ! ಕಣ್ಣು ಕೆಂಡ, ಆದರೆ ತಲೆ ತೂಗಾಡುತ್ತಿತ್ತು. ಕಾವಲು ಹುಲಿಗೆ ನಿದ್ದೆ ಬರಬಾರದೆಂದು ಬರಿಗಂಟಲ ಒಂದು ಗಡಿಗೆಯ ಜೋಗುಳವನ್ನು ಅದರ ಕಿವಿಗೆ ಸುರಿದುಬಿಟ್ಟಿದ್ದ. ಕೊನೆಯಿಲ್ಲದ ಪದ ತಲೆಯೊಳಗೆ ಸುತ್ತುತ್ತಿದ್ದರೆ ಯಾರಿಗೆ ನಿದ್ದೆ ಬಂದೀತು? ಹುಲಿ ಅತ್ತ ನಡೆದು ಇತ್ತ ನಡೆದು ಗೊಣಗುತ್ತಿತ್ತು:

ಅಳಬ್ಯಾಡ ನನ ಕೂಸ, ಮಳಿ ಬಂದು ಹೋದೀತು
ಗಿಳಿ ಬಂದು ನಿನ್ನ ಕರೆದೀತು, ನನ ಕಂದ...

"ಆಮ್ಯಾಲೆ ಏನು?" ಎಂದು ಹುಲಿ ಗರ್ಜಿಸಿತು. "ಹೇಳಿದರ ದಾರಿ ಬಿಡ್ತೀನಿ, ಇಲ್ಲಂದರ ತಿಂತೀನಿ!"

ದುಂಡವ್ವ ಊರಿನ ಮುದುಕಿಯರು ಹಾಡುತ್ತಿದ್ದ ಸಾಲನ್ನು ನೆನಪಿಸಿಕೊಂಡು ಬಾಯಿ ತೆರೆದಳು. ಬರೀ ಗಾಳಿ ಬಂತು. ಹಳೆಯ ಸಾಲುಗಳೆಲ್ಲ ಕಟ್ಟಿಹೋಗಿದ್ದವಲ್ಲ! ಹುಲಿ ಉಗುರು ಬಿಚ್ಚಿತು. ಆಗ ಅವಳು ಆ ದೊಡ್ಡ ಪ್ರಾಣಿಯ ತೂಕಡಿಸುವ ಕಣ್ಣು ನೋಡಿದಳು. ಪಾಪ ಎನಿಸಿತು. ಪಾಪ ಎನಿಸಿದ್ದೇ ತಡ, ಯಾರೂ ಹೇಳಿಕೊಡದ ಸಾಲೊಂದು ತಾನೇ ಬಾಯಿಗೆ ಬಂತು:

ಎಳಿಬಿಸಿಲ ಹೊದಿಸಿ ಮಲಗೀಸೇನ.

ಗಾಳಿಯಲ್ಲ, ದನಿಯೇ ಬಂದಿತ್ತು! ಹುಲಿ ಒಮ್ಮೆ ದೊಡ್ಡದಾಗಿ ಆಕಳಿಸಿ, ಬಿಸಿಲಿನಲ್ಲಿ ಕಾಲು ಚಾಚಿ ಮಲಗಿಬಿಟ್ಟಿತು.

"ಹಳೇದು ಬರೂದಿಲ್ಲ, ಹೊಸಾದು ಬರತೈತಿ," ಎಂದುಕೊಂಡಳು ದುಂಡವ್ವ. ಮುಂದೆ ನಡೆದಳು.

ಬೆಟ್ಟದ ನಡುವಿನಲ್ಲಿ ಏಳು ಹೆಡೆಯ ಸರ್ಪವೊಂದು ದಾರಿಗೆ ಅಡ್ಡ ಬಿದ್ದಿತ್ತು. ಅದರ ಕಿವಿಗೆ ಬರಿಗಂಟಲ ಬಿತ್ತುವ ಪದ ಸುರಿದಿದ್ದ. ಹಾವಿಗೆ ಕಿವಿಯೆಲ್ಲಿ ಎಂದು ಕೇಳಬೇಡಿ, ಏಳು ಹೆಡೆಯ ಹಾವಿಗೆ ಹದಿನಾಲ್ಕು ಕಿವಿ. ಸರ್ಪ ಬುಸುಗುಡುತ್ತ ಹಾಡುತ್ತಿತ್ತು:

ಕೂರಿಗಿ ಹೂಡ್ಯಾರ ಊರ ಮುಂದಿನ ಹೊಲಕ
ಮೂರು ಕಾಳೊಗೆದು ನಡೆದಾರ, ನಮ ಅಣ್ಣ...

ದುಂಡವ್ವ ತಡಮಾಡಲಿಲ್ಲ. ಒಂದು ಸಲ ಗೆದ್ದವಳಿಗೆ ಹೆದರಿಕೆಯೇ? "ತೂರಿದರ ಮುತ್ತು ಉದುರ್ಯಾವ!" ಎಂದು ಠೀವಿಯಿಂದ ಹಾಡಿದಳು.

ಏಳೂ ಹೆಡೆ ಒಮ್ಮೆಗೇ ಎದ್ದವು. "ನೀ ತೂರೀಯೇನ? ಯಾವತ್ತರ ಬಿತ್ತೀಯೇನ? ಕಾಣದ್ದು ಹೇಳಬ್ಯಾಡ. ಇನ್ನೊಂದು ಸಲ ತಪ್ಪಿದರ ಬಿಡೂದಿಲ್ಲ."

ದುಂಡವ್ವನ ಮುಖ ಸಪ್ಪಗಾಯಿತು. ನಿಜವೇ, ಅವಳು ಹೊಲದಲ್ಲಿ ಎಂದೂ ಬಿತ್ತಿದವಳಲ್ಲ. ಬಿತ್ತುವ ಹೊಲಕ್ಕೆ ಕುಂಬಾರರ ಮನೆಯಿಂದ ಏನು ಹೋಗುತ್ತದೆ? ಯೋಚಿಸಿದಳು. ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಬದುವಿನ ಮೇಲೆ ನಡೆದದ್ದು, ಬಿತ್ತುವವರೆಲ್ಲ ಓಡಿಬಂದು ಅವಳ ಸೊಂಟದ ಮೇಲಿದ್ದುದಕ್ಕೆ ಕೈಚಾಚಿದ್ದು ನೆನಪಾಯಿತು. ಮೆಲ್ಲಗೆ ಹಾಡಿದಳು:

ನೀರಿನ ಗಡಿಗಿ ನಾ ತಂದೆ.

"ಹಾಂ," ಎಂದಿತು ಸರ್ಪ. "ಇದು ನಿಂದು. ಹೋಗಿ ಬಾ, ತಂಗಿ." ಹೆಡೆಗಳನ್ನು ಮಡಿಚಿ ಹುತ್ತಕ್ಕಿಳಿದು ನೆಮ್ಮದಿಯಾಗಿ ಮಲಗಿತು.

ಬೆಟ್ಟದ ತುದಿಯಲ್ಲಿ ಗವಿ. ಗವಿಯ ತುಂಬ ಗಡಿಗೆ. ಎಲ್ಲದರ ಅರಗೂ ಒಡೆದಿತ್ತು, ನೆಲದ ಮೇಲೆಲ್ಲ ನೀರು ಚೆಲ್ಲಾಡಿತ್ತು. ನಡುವೆ ಬರಿಗಂಟಲ ತಲೆ ಹಿಡಿದುಕೊಂಡು ಕುಳಿತಿದ್ದ. ಗಡಿಗೆ ಗಡಿಗೆಗೂ ನೀರು ಹೊಯ್ದು ಕೇಳಿದ್ದ. ಯಾವ ಪದವೂ ಮುಗಿದಿರಲಿಲ್ಲ. ಇನ್ನೊಂದೇ ಗಡಿಗೆ ಉಳಿದಿತ್ತು. ಬಿರುಕು ಬಿಟ್ಟಿದ್ದರಿಂದ ನೀರು ತಾಗಿದರೆ ಒಡೆದೀತೆಂದು ಅದಕ್ಕೆ ಮಾತ್ರ ನೀರು ಹೊಯ್ದಿರಲಿಲ್ಲ. ಅದು ಹೊನ್ನವ್ವನ ಗಡಿಗೆ.

"ಕೊನೀ ಸಾಲು ಬಲ್ಲಾಕಿ ಬಂದಳು!" ಎಂದ ಮುದುಕಿಯ ದನಿಯಲ್ಲಿ. "ಹುಲಿ ಮಲಗಿದ್ದು ಕಂಡೆ, ಹಾವು ಮಲಗಿದ್ದು ಕಂಡೆ," ಎಂದ ಕುರುಬನ ದನಿಯಲ್ಲಿ. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ ಮೆತ್ತಗೆ, "ಎಲ್ಲಾ ಪದಕ್ಕೂ ಕೊನೀ ಸಾಲು ನನಗ ಕಲಿಸಿಕೊಡು. ನಿಮ್ಮವ್ವನ ಗಡಿಗಿ ಕೊಡ್ತೀನಿ. ಎದಿಗವಚಿಕೊಂಡು ಮನೀಗೆ ಹೋಗು, ಯಾರು ಬ್ಯಾಡಂತಾರ?" ಎಂದ.

ದುಂಡವ್ವ ಅವ್ವನ ಗಡಿಗೆಯತ್ತ ನೋಡಿದಳು. ಹುಟ್ಟಿದಾಗಿನಿಂದ ಅವಳು ಬೇಡಿದ್ದು ಅದೊಂದನ್ನೇ. ಒಂದು ಗಳಿಗೆ ಆಸೆಯೂ ಆಯಿತು, ಸುಳ್ಳು ಯಾಕೆ? ಆದರೆ ಬಾಯಿ ತೆರೆದು ಗಾಳಿಯನ್ನಷ್ಟೇ ಬಿಡುತ್ತಿದ್ದ ಊರಿನ ತಾಯಂದಿರ ಮುಖಗಳು ಕಣ್ಣಿಗೆ ಕಟ್ಟಿದವು.

"ಮೊದಲ ಕೇಳ್ತೀನಿ," ಎಂದಳು. ತಂಬಿಗೆಯ ನೀರನ್ನು ತಾನೇ ತಾಯಿಯ ಗಡಿಗೆಗೆ ಹೊಯ್ದಳು.

ಚುರ್ ಎಂದಿತು ಒಣಮಣ್ಣು. ಬಿರುಕು ಕುತ್ತಿಗೆಯಿಂದ ಹೊಟ್ಟೆಗಿಳಿಯಿತು. ಈ ಗಡಿಗೆ ಒಂದೇ ಸಲ ಹಾಡೀತು, ಎರಡನೆಯ ಸಲ ಇಲ್ಲ ಎಂಬುದು ದುಂಡವ್ವನಿಗೆ ತಿಳಿದುಹೋಯಿತು. ಉಸಿರು ಬಿಗಿಹಿಡಿದು ಕೇಳಿದಳು. ಮೊದಲು ಬೀಸುಕಲ್ಲಿನ ಗರಗರ. ಆಮೇಲೆ ಸ್ವಲ್ಪ ಒಡಕಲಾದ, ಬೆಚ್ಚಗಿನ ಒಂದು ಹೆಣ್ಣುದನಿ:

ಬೀಸೂವ ಕಲ್ಲಿಗೆ ಬಿಳಿಜೋಳ ಸುರಿದೇನ
ಕೂಸೀಗೆ ತೊಡೆಯ ಹಾಸೇನ, ನನ ಕಂದ...

ಅಲ್ಲಿಗೆ ನಿಂತಿತು. ಕಲ್ಲೂ ನಿಂತಿತು. ಆಗ ಹೊನ್ನವ್ವ ನಗುತ್ತ ಹೇಳಿದಳು: "ಮುಂದಿಂದು ನೀ ಹೇಳು, ನನ್ನವ್ವ." ಅದಕ್ಕೆ ಒಂದು ಕೂಸು "ಊಂ..." ಎಂದಿತು.

ಆ ಕೂಸು ತಾನೇ. ದುಂಡವ್ವನ ಕಣ್ಣಲ್ಲಿ ನೀರು ದಳದಳನೆ ಇಳಿಯಿತು. ಅವ್ವ ಸುಮ್ಮನೆ ಹಾಡಿ ಹೋಗಿರಲಿಲ್ಲ, ಅವಳನ್ನು ಕೇಳಿ ಹೋಗಿದ್ದಳು. ಇಷ್ಟು ವರ್ಷ ಉತ್ತರಕ್ಕಾಗಿ ಕಾದಿದ್ದಳು.

"ಸಾಲು ಹೇಳು! ಸಾಲು ಹೇಳು!" ಎಂದು ಬರಿಗಂಟಲ ಬಾಯಿ ಅಗಲಿಸಿ ನಿಂತ.

ದುಂಡವ್ವ ಕಣ್ಣೊರೆಸಿಕೊಂಡಳು. "ಕೊನೀ ಸಾಲು ಕೂಡಿಸಿದವರದ ಪದ. ನಿನಗ ಬೇಕಾದರ ನೀನ ಕೂಡಿಸು ನೋಡೂಣು."

ಮಾಯಾವಿ ಮುದುಕಿಯ ದನಿಯಲ್ಲಿ ಯತ್ನಿಸಿದ. 'ಬೀಸೂವ ಕಲ್ಲಿಗೆ' ಎಂದೇ ಬಂತು. ಕುರುಬನ ದನಿಯಲ್ಲಿ ಯತ್ನಿಸಿದ. 'ತೊಡೆಯ ಹಾಸೇನ' ಎಂದೇ ಬಂತು. ಕದ್ದ ದನಿಗೆ ಕೇಳಿದ್ದಷ್ಟೇ ಗೊತ್ತು. ಕೊನೆಗೆ ತನ್ನ ಸ್ವಂತ ಗಂಟಲಿನಿಂದ ಯತ್ನಿಸಿದ. ಬರೀ ಗಾಳಿ ಬಂತು.

"ಆತೇನು?" ಎಂದಳು ದುಂಡವ್ವ. ಗಡಿಗೆಯ ಎದುರು ಮಂಡಿಯೂರಿ, ಬೀಸುಕಲ್ಲಿನ ಗೂಟಕ್ಕೆ ಎರಡನೆಯ ಕೈ ಹಾಕುವ ಮಗಳಂತೆ ಕೈಚಾಚಿ ಹಾಡಿದಳು:

ಬೀಸಾಕ ನಾನೂ ಬಂದೇನ, ನನ್ನವ್ವ.

ಗಡಿಗೆ ಎರಡು ಹೋಳಾಯಿತು. ಗವಿಯೊಳಗೆ ಬಹುಕಾಲದ ಮೇಲೆ ಒಂದು ಪದಕ್ಕೆ ಉತ್ತರ ಸಿಕ್ಕಿತ್ತು. ಅದನ್ನು ಕೇಳಿದ್ದೇ ತಡ, ಬರಿಗಂಟಲನ ಗಂಟಲಲ್ಲಿ ಸೆರೆಯಿದ್ದ ದನಿಗಳೆಲ್ಲ ನಮಗೂ ಉತ್ತರ ಬೇಕೆಂದು ಹೊರಗೆ ಜಿಗಿದವು. ಮುದುಕಿಯ ದನಿ ಜಿಗಿಯಿತು, ಕುರುಬನ ದನಿ ಜಿಗಿಯಿತು, ಸಣ್ಣ ಹುಡುಗಿಯ ದನಿ ನಗುತ್ತ ಜಿಗಿಯಿತು. ಒಂದೊಂದೂ ಬಾಗಿಲು ದಾಟಿ ತಂತಮ್ಮ ಊರಿನ ದಾರಿ ಹಿಡಿಯಿತು. ಬರಿಗಂಟಲ ಸೊರಗಿ, ತೆಳುವಾಗಿ, ಬೆಟ್ಟದ ಬಂಡೆಗೆ ಅಂಟಿಕೊಂಡುಬಿಟ್ಟ. ಕೊನೆಯ ಸಾಲು ಬೇಕೆಂದವನಿಗೆ ಕೊನೆಯ ಮಾತಷ್ಟೇ ದಕ್ಕಿತು. ಇಂದಿಗೂ ಬೆಟ್ಟದ ಎದುರು ನಿಂತು ಕೂಗಿ ನೋಡಿ, ನೀವು ಆಡಿದ್ದರ ಬಾಲವನ್ನಷ್ಟೇ ಹಿಡಿದು ಅವನು ತಿರುಗಿ ಕೂಗುತ್ತಾನೆ.

ಬರಿಗಂಟಲ ಬಂಡೆಗೆ ಅಂಟಿದ ಗಳಿಗೆಯಲ್ಲೇ ಕೊರಲನಾಡಿನವರ ಬಾಯಿಗೆ ಪದ ತಿರುಗಿ ಬಂತು. ಅದನ್ನು ಕೇಳಿದ ದೊರೆ ಗಡಿಗೆ ಹೇರಲು ಬಂಡಿಗಳಿಗೆ ಹುಲ್ಲು ಹಾಸಿಸಿ ತಾನೇ ಬೆಟ್ಟಕ್ಕೆ ಬಂದ. ಹುಲಿ ಕಣ್ಣುಜ್ಜಿಕೊಂಡು ಬಂಡಿಗಳ ಮುಂದೆ ನಡೆಯಿತು. ಎತ್ತುಗಳಿಗೆ ಅದು ಅಷ್ಟು ಹಿಡಿಸಲಿಲ್ಲ, ಅದು ಬೇರೆ ಮಾತು. ಎರಡು ಹೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತ ದುಂಡವ್ವನನ್ನು ಕಂಡು ದೊರೆಯ ತಲೆ ಬಾಗಿತು.

"ನಾ ಅರಗು ಹಾಕಿಸದ ಇದ್ದಿದ್ದರ ಇದು ಒಣಗತಿರಲಿಲ್ಲ. ತಪ್ಪಾತವ್ವ," ಎಂದ.

"ಹೌದ್ರಿ, ತಪ್ಪಾತು," ಎಂದಳು ದುಂಡವ್ವ. "ಇನ್ನ ಬೀಗ ತಗೀರಿ. ವರ್ಷಕ್ಕೊಮ್ಮೆ ಒಂದೊಂದು ಗಡಿಗಿಗೂ ನೀರು ಬೀಳಲಿ. ನೀರು ಹೊಯ್ದವರು ತಮ್ಮ ಸಾಲು ತಾವ ಕೂಡಿಸಲಿ. ಬಿರಕು ಬಿಟ್ಟ ಗಡಿಗಿ ಪದ ಹೊಸಾ ಗಡಿಗಿಗೆ ಏರಲಿ."

"ಹಂಗ ಆಗಲಿ," ಎಂದ ದೊರೆ. ಮೊದಲ ತಂಬಿಗೆ ನೀರು ತಾನೇ ಹೊಯ್ದು, ಬೆವೆತು, ತೊದಲಿ, ಒಂದು ಸಾಲು ಕೂಡಿಸಿದ. ಸಾಲೇನೂ ಚೆನ್ನಾಗಿರಲಿಲ್ಲ. ಜನ ನಕ್ಕರು, ದೊರೆಯೂ ನಕ್ಕ.

ಮನೆಗೆ ಬಂದ ದುಂಡವ್ವ ತಾಯಿಯ ಗಡಿಗೆಯ ಹೋಳುಗಳನ್ನು ಒರಳಿನಲ್ಲಿ ಕುಟ್ಟಿ, ನುಣ್ಣಗೆ ಜರಡಿ ಹಿಡಿದು, ಕೆರೆಯ ಹೊಸ ಮಣ್ಣಿಗೆ ಕಲಸಿದಳು. ಹಳೆಯ ಮಡಕೆಯ ಪುಡಿ ಸೇರಿದರೆ ಹೊಸದು ಬೇಗ ಬಿರಿಯುವುದಿಲ್ಲವೆಂದು ಕುಂಬಾರರೆಲ್ಲ ಬಲ್ಲರು. ಕಲ್ಲಪ್ಪ ತಿಗರಿ ತಿರುಗಿಸಿದ. ದುಂಡವ್ವ ಬಗ್ಗಿ ಅವ್ವನ ಪದವನ್ನು ಹೇಳಿದಳು, ಕೊನೆಯ ಸಾಲೊಂದನ್ನು ಬಿಟ್ಟು. ಗಡಿಗೆ ಸುಟ್ಟು ಆರಿದ ಮೇಲೆ ಕಲ್ಲಪ್ಪನೇ ಅದಕ್ಕೆ ನೀರು ಹೊಯ್ದ. ದುಂಡವ್ವನ ದನಿ ಎದ್ದಿತು. ಆ ದನಿಯ ಕೆಳಗೆ, ಬೀಸುಕಲ್ಲಿನ ಇನ್ನೊಂದು ಮಗ್ಗುಲಲ್ಲಿ ಕುಳಿತವಳಂತೆ, ಹೊನ್ನವ್ವನ ದನಿಯೂ ಎದ್ದಿತು. ಮುದುಕ ಕಲ್ಲಪ್ಪ ಬಾಯಿಗೆ ಪಂಚೆಯ ಚುಂಗು ಒತ್ತಿಕೊಂಡು ಅತ್ತ, ಅಳುತ್ತಲೇ ತನ್ನ ಸಾಲು ಕೂಡಿಸಿದ.

ಅಂದಿನಿಂದ ಕೊರಲನಾಡಿನಲ್ಲಿ ಯಾವ ಗಡಿಗೆಯೂ ಉತ್ತರವಿಲ್ಲದೆ ಒಣಗಲಿಲ್ಲ. ಕತೆ ಇಷ್ಟೇ. ಅವರು ಅಲ್ಲಿ ಸುಖವಾಗಿದ್ದರು... ಉಳಿದ ಸಾಲು ನಿಮ್ಮದು, ನೀವೇ ಹೇಳಿ.