ಎಣ್ಣೆ ಹಚ್ಚಿ ಹೋದ ಕಳ್ಳ

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬೀರು ಬಾಗಿಲು ಮಾಡುವ ಕಾರ್ಖಾನೆಯ ಯಜಮಾನ ಠಾಣೆಗೆ ಬಂದ. ಅಂಗಿಯ ತೋಳಿಗೆ ಮರದ ಹೊಟ್ಟು ಅಂಟಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ನೀರಿನ ಲೋಟ ಮುಂದಿಟ್ಟಳು. ಅದನ್ನೂ ಮುಟ್ಟಲಿಲ್ಲ.

"ಸಾರ್, ಕಟರ್ ಹೋಯ್ತು."

"ಯಾವ ಕಟರ್?" ಇನ್ಸ್‌ಪೆಕ್ಟರ್ ಕೇಳಿದರು.

"ಶೇಪರ್ ಮಿಷನ್ನಿಂದು. ಅಂಗೈಯಗಲ, ಮೂರು ಅಲಗು. ಅದಿಲ್ದೆ ಬಾಗಿಲ ಹಲಗೆಗೆ ಅಂಚು ಇಳಿಸೋಕಾಗಲ್ಲ. ಗುರುವಾರ ಆಸ್ಪತ್ರೆಯವರಿಗೆ ಅರವತ್ತು ಬಾಗಿಲು ಕೊಡ್ಬೇಕು. ಈ ತಿಂಗಳಲ್ಲಿ ಇದು ಮೂರನೇ ಸಲ ಸಾರ್. ಮೊದಲು ನಟ್ ಹೋಯ್ತು. ಆಮೇಲೆ ಬೆಲ್ಟು. ಚಿಲ್ಲರೆ ಸಾಮಾನು ಅಂತ ಹೊಸದು ತಂದು ಹಾಕಿ ಸುಮ್ನಿದ್ದೆ."

"ಯಾರ ಮೇಲಾದರೂ ಅನುಮಾನ?"

"ಅನುಮಾನ ಏನ್ ಬಂತು, ಗೊತ್ತೇ ಇದೆ. ನಮ್ಮ ಪಾಲಿಶ್. ಪಾಲಿಶ್ ಕೆಲಸ ಮಾಡ್ತಾನೆ, ಹೆಸರೂ ಅದೇ ಆಗಿದೆ. ಆ ಮಿಷನ್ನು ಅವನ ಬೆರಳು ತಿಂದಿದೆ. ಅದನ್ನ ಕಂಡ್ರೆ ಆಗಲ್ಲ ಅವನಿಗೆ."

ದೂರು ಬರೆದುಕೊಂಡು ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಿಸಿದರು. ಹೊರಡುವ ಮುನ್ನ ಇನ್ಸ್‌ಪೆಕ್ಟರರ ಫೋನು ಬಡಿದುಕೊಂಡಿತು. ಮೇಲಧಿಕಾರಿಗಳು. ಯಜಮಾನ ತಮಗೆ ಬೇಕಾದವರು, ಸಂಜೆಯೊಳಗೆ ಮುಗಿಸಿ ಎಂದರು. ಇನ್ಸ್‌ಪೆಕ್ಟರ್ "ನೋಡ್ತೀನಿ ಸಾರ್" ಎಂದು ಫೋನಿಟ್ಟು, ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಜೀಪು ಹತ್ತಿದರು.

ಹತ್ತೂಕಾಲಿಗೆ ಕಾರ್ಖಾನೆ. ತಗಡಿನ ಛಾವಣಿಯ ಉದ್ದನೆಯ ಶೆಡ್ಡು. ಒಳಗೆ ಮೂವರು. ಮೂವತ್ತು ವರ್ಷದಿಂದ ಅಲ್ಲೇ ದುಡಿಯುವ ಮೇಸ್ತ್ರಿ ಚೌಕಟ್ಟಿಗೆ ಅಂಟು ಹಚ್ಚುತ್ತಿದ್ದರು. ಅವರ ತಮ್ಮ ಪಾಲಿಶ್ ಆ ಕೊನೆಯಲ್ಲಿ, ಐದು ಡಬ್ಬಗಳ ನಡುವೆ. ಯಜಮಾನನ ಬಾಮೈದ, ಎರಡು ಮಕ್ಕಳ ತಂದೆ, ಕೆಲಸಕ್ಕೆ ಬಂದು ಇನ್ನೂ ತಿಂಗಳಾಗದವನು, ಕೈಕಟ್ಟಿ ಶೇಪರ್ ಪಕ್ಕ ನಿಂತಿದ್ದ. ಕೆಲಸವಿಲ್ಲದ ಕಾಲುಗಳು ನೆಲ ಕೆರೆಯುತ್ತಿದ್ದವು.

ಬೀಗ ಒಡೆದಿರಲಿಲ್ಲ.

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಮೇಸ್ತ್ರಿ ಹತ್ರ ಒಂದು," ಎಂದ ಯಜಮಾನ. ಆಮೇಲೆ ದನಿ ತಗ್ಗಿಸಿದ. "ಮೇಸ್ತ್ರಿ ಬಗ್ಗೆ ನಾನು ಕನಸಲ್ಲೂ ಹಾಗೆ ಅಂದ್ಕೊಳಲ್ಲ ಸಾರ್. ಬಿದ್ದ ಮೊಳೆನೂ ಎತ್ತಿಡೋ ಮನುಷ್ಯ. ಆದ್ರೆ ಆ ಕೈ ಅವರ ಮನೆ ಗೋಡೇಲಿ ನೇತಾಡ್ತಿರುತ್ತೆ. ತಮ್ಮ ಇರೋದೂ ಅದೇ ಮನೇಲೇ."

ಎದುರಿನ ಟೀ ಅಂಗಡಿಯವನನ್ನೂ ಪಕ್ಕದ ದರ್ಜಿಯನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರು ಮಾಡಿದರು. ಶೇಪರ್ ಎಂದರೆ ಕಬ್ಬಿಣದ ಮೇಜು. ನಡುವಿನ ತೂತಿನಿಂದ ನೆಟ್ಟಗೆ ಒಂದು ಉಕ್ಕಿನ ದಂಡ ಮೇಲೆ ಬಂದಿರುತ್ತದೆ. ಕಟರ್ ಆ ದಂಡಕ್ಕೆ ಸಿಕ್ಕಿಕೊಂಡು ಬುಗುರಿಯಂತೆ ತಿರುಗುತ್ತದೆ. ಈಗ ದಂಡ ಬರಿದಾಗಿತ್ತು. ಕಟರನ್ನು ಬಿಗಿಯುವ ನಟ್ಟನ್ನು ಮಾತ್ರ ಮತ್ತೆ ತಿರುಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಒಗೆದ ಬಟ್ಟೆಯ ಚೂರು, ಅದರ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ ವಾಷರುಗಳು.

ಇನ್ಸ್‌ಪೆಕ್ಟರ್ ದಂಡವನ್ನು ಮುಟ್ಟಿ ಬೆರಳು ನೋಡಿಕೊಂಡರು.

"ಎಣ್ಣೆ. ಕದ್ದವನು ಮರದ ಅಂಟು ಒರೆಸಿ, ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಹಚ್ಚಿ ಹೋಗಿದ್ದಾನೆ."

"ಕಳ್ಳನಿಗೆ ಪಾಪ ತುಂಬಾ ಬಿಡುವಿತ್ತು ಅನ್ಸುತ್ತೆ ಸಾರ್," ಎಂದಳು ಹೆಡ್ ಕಾನ್‌ಸ್ಟೇಬಲ್.

"ಬಿಡುವಲ್ಲಮ್ಮ. ಅಭ್ಯಾಸ."

ಮೇಜಿನ ಮೇಲೆ, ಕಟರ್ ಇರಬೇಕಾದ ಜಾಗದ ಹಿಂದೆ, ಎರಡು ಖಾಲಿ ಬೋಲ್ಟಿನ ತೂತುಗಳು ಕಂಡವು.

"ಇಲ್ಲೇನಿತ್ತು?"

"ಗಾರ್ಡು ಸಾರ್. ಕೈ ಹೋಗದ ಹಾಗೆ ಒಂದು ಮುಚ್ಚು," ಎಂದ ಯಜಮಾನ. "ಅಟ್ಟದ ಮೇಲಿದೆ. ಒಂದನೇ ತಾರೀಕು ಬಿಚ್ಚಿಸ್ದೆ. ಅದಿದ್ರೆ ಕೆಲಸ ಆಮೆ ನಡಿಗೆ."

ಹೆಡ್ ಕಾನ್‌ಸ್ಟೇಬಲ್ ತಾರೀಕು ಬರೆದುಕೊಂಡಳು. ಇನ್ಸ್‌ಪೆಕ್ಟರ್ ಬಾಮೈದನ ಕಡೆ ತಿರುಗಿದರು.

"ಹಲಗೆ ಹೇಗೆ ಮಾಡ್ತೀರಿ?"

"ಏನಿದೆ ಸಾರ್ ಅದ್ರಲ್ಲಿ. ಮೇಜಿನ ಮೇಲೆ ಇಡೋದು, ತಳ್ಳೋದು. ಒಂದೇ ಏಟಿಗೆ ಅಂಚು ಇಳಿದು ನಡು ಉಬ್ಬಿಕೊಂಡು ಬರುತ್ತೆ. ಮೇಸ್ತ್ರಿ ಒಂದು ಹಲಗೆಗೆ ಮೂರು ಸಲ ತಳ್ಳೋರು. ಇವರು ಮುಗಿಸೋ ಹೊತ್ತಿಗೆ ಆಸ್ಪತ್ರೆ ರೋಗಿಗಳೆಲ್ಲ ವಾಸಿಯಾಗಿ ಮನೆ ಸೇರ್ತಾರೆ."

ಯಜಮಾನ ನಕ್ಕ. ಮೇಸ್ತ್ರಿ ನಗಲಿಲ್ಲ. ಅವರ ಕೈಯ ಅಂಟಿನ ಬ್ರಷ್ಷು ಅರ್ಧದಲ್ಲೇ ನಿಂತು, ತೊಟ್ಟು ಅಂಟು ನೆಲಕ್ಕೆ ಬಿತ್ತು. ಮೊಳೆಯನ್ನೂ ಎತ್ತಿಡುವ ಮನುಷ್ಯ ಅದನ್ನು ಒರೆಸಲಿಲ್ಲ.

"ಮೇಸ್ತ್ರಿ, ನೀವು ಬನ್ನಿ. ಮೂರು ಸಲ ಯಾಕೆ?"

ಮೇಸ್ತ್ರಿ ಬಂದರು. ಒಂದು ಹಲಗೆ ಎತ್ತಿ, ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟರು.

"ಹಲಗೆ ಹೀಗೆ ಬೋರಲು ಇರ್ಬೇಕು ಸಾರ್. ಆಗ ಕಟರ್ ಹಲಗೆ ಅಡಿಗೆ ಹೋಗುತ್ತೆ, ಕೈಗೂ ಅದಕ್ಕೂ ನಡುವೆ ಮರ ಇರುತ್ತೆ. ಹಲಗೆ ಎದ್ರೂ ಕಟರಿಂದ ದೂರ ಹೋಗುತ್ತೆ. ಅದು ತಿರುಗೋ ದಿಕ್ಕಿಗೆ ಎದುರಾಗಿ ತಳ್ಳೋದು. ಮೊದಲು ಮರದ ಎಳೆಗೆ ಅಡ್ಡ ಬರೋ ಎರಡು ತುದಿ, ಆಮೇಲೆ ಉದ್ದದ ಅಂಚು. ತುದೀಲಿ ಏನಾದ್ರೂ ಸೀಳಿದ್ರೆ ಉದ್ದದ ಅಂಚು ಇಳಿಸುವಾಗ ಅದು ಹೋಗಿಬಿಡುತ್ತೆ. ಸ್ವಲ್ಪ, ಇನ್ನು ಸ್ವಲ್ಪ, ಕೊನೇಲಿ ತೆಳುವಾಗಿ ಒಂದು. ಒಂದೇ ಸಲಕ್ಕೆ ಅಷ್ಟೂ ಮರ ಕೊಟ್ರೆ ಕಟರ್ ಕಚ್ಚಿ ಹಲಗೆ ಕಿತ್ತು ಎಸೆಯುತ್ತೆ."

"ಎಸೆದ್ರೆ?"

"ಹಲಗೆ ಹೋದ ಕಡೆ ಹಲಗೆ ಹೋಗುತ್ತೆ. ತಳ್ತಿದ್ದ ಕೈ ಮುಂದಕ್ಕೆ ಹೋಗುತ್ತೆ. ಗಾರ್ಡ್ ಇದ್ರೆ ಕೈ ಗಾರ್ಡಿಗೆ ಬಡಿಯುತ್ತೆ." ಅವರು ಹಲಗೆಯನ್ನು ಎತ್ತಿ ಗೋಡೆಗೊರಗಿಸಿದರು.

ಯಜಮಾನನ ಫೋನಿಗೆ ಕರೆ ಬಂತು. ಮಾತಾಡಿ ಅರಳಿದ ಮುಖದಲ್ಲಿ ತಿರುಗಿದ. "ಗೆಳೆಯ ಅವನ ಕಟರ್ ಕಳಿಸ್ತಾನಂತೆ. ಎರಡು ಗಂಟೆಗೆ ಬರುತ್ತೆ. ಬಾಮೈದ, ಊಟ ಬೇಗ ಮುಗಿಸು. ಎರಡಕ್ಕೆ ಶುರು."

ಮೇಸ್ತ್ರಿ ಗೋಡೆ ಗಡಿಯಾರ ನೋಡಿದರು. ಹನ್ನೊಂದು ನಲವತ್ತು. ಅಲ್ಲಿಂದಾಚೆಗೆ ಅವರು ಗಡಿಯಾರ ನೋಡಿದ್ದನ್ನು ಹೆಡ್ ಕಾನ್‌ಸ್ಟೇಬಲ್ ಏಳು ಸಲ ಎಣಿಸಿದಳು.

ಗಡಿಯಾರದ ಕೆಳಗೆ ದಿನದಿನದ ಕೆಲಸ ಬರೆಯುವ ಕರಿಹಲಗೆ ಇತ್ತು. ಆಕೆ ಅದರ ಮುಂದೆ ಬಹಳ ಹೊತ್ತು ನಿಂತಳು.

"ಸಾರ್, ಇಲ್ಲಿ ನೋಡಿ. ಮೂರನೇ ತಾರೀಕು, ಏಳು, ಹನ್ನೊಂದು. ಮೂರು ದಿನವೂ ಅಗಲ ಹಲಗೆ ಅಂತ ಬರೆದಿದೆ. ದೂರಿನ ಪ್ರಕಾರ ಅದೇ ಮೂರೂ ಬೆಳಿಗ್ಗೆ ಮಿಷನ್ನಿಂದ ಒಂದೊಂದು ಮಾಯ. ನಡುವಿನ ದಿನಗಳಲ್ಲಿ ಬರೀ ಚೌಕಟ್ಟಿನ ಕೆಲಸ, ಶೇಪರ್ ಹಾಕೋದೇ ಇಲ್ಲ. ಆಗ ಕಳ್ಳನಿಗೂ ರಜೆ."

"ಮಾರೋಕೆ ಕದ್ದಿಲ್ಲ," ಎಂದರು ಇನ್ಸ್‌ಪೆಕ್ಟರ್. "ನಿಲ್ಲಿಸೋಕೆ ಕದ್ದಿದ್ದಾನೆ."

ಹನ್ನೆರಡೂ ಹತ್ತಕ್ಕೆ ಪಾಲಿಶ್‌ನ ವಿಚಾರಣೆ. ಅವನ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಬಲಗೈಯಲ್ಲಿ ಬಟ್ಟೆಯ ಉಂಡೆ ಹಿಡಿದು ಬಾಗಿಲೊಂದನ್ನು ಮಗುವಿನ ಬೆನ್ನು ಸವರುವಂತೆ ಉಜ್ಜುತ್ತಿದ್ದ. ಐದೂ ಡಬ್ಬಗಳ ಮುಚ್ಚಳ ಸಡಿಲವಾಗಿ, ಸುಮ್ಮನೆ ಮೇಲೆ ಕೂತಿದ್ದವು.

"ಇವನ್ನೆಲ್ಲ ನೀವೇ ತೆಗೆದಿಟ್ಟಿರಾ?"

"ಇಲ್ಲ ಸಾರ್. ಬೆಳಿಗ್ಗೆ ನಾನು ಬರೋ ಮುಂಚೆನೇ ಸಡಿಲ ಆಗಿರುತ್ತೆ."

"ಯಾರು ಮಾಡ್ತಾರೆ?"

"ಕೇಳಿಲ್ಲ."

"ಎಷ್ಟು ದಿನದಿಂದ?"

"ಹದಿನೆಂಟು ವರ್ಷದಿಂದ."

ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪು ಹಾಕಿದರು. ಈ ಸಲ ತೆಗೆಯಲಿಲ್ಲ.

"ಕೈ ಹೇಗೆ ಹೋಯ್ತು?"

"ಜಾರ್ತು ಸಾರ್. ನನ್ನದೇ ತಪ್ಪು." ಎಷ್ಟೋ ಸಲ ಹೇಳಿ ನುಣುಪಾದ ಮಾತು ಅದು. "ಕಟರ್ ಸಿಗದಿದ್ರೆ ಯಾರನ್ನ ಹಿಡೀತೀರಿ ಸಾರ್?"

"ಬೀಗದ ಕೈ ಇರೋರನ್ನ ಮೊದಲು ಕೇಳ್ತೀವಿ."

ಪಾಲಿಶ್ ಬಟ್ಟೆಯ ಉಂಡೆಯನ್ನು ಕೆಳಗಿಟ್ಟ. "ಹಾಗಾದ್ರೆ ಬರ್ಕೊಳ್ಳಿ. ನಾನೇ ಕದ್ದೆ. ಚರಂಡಿಗೆ ಎಸೆದೆ."

"ಯಾವ ಚರಂಡಿ?"

"ಇದೇ... ಮುಂದಿಂದು."

"ಅದರ ಮೇಲೆ ಕಲ್ಲು ಹಾಸಿದೆಯಲ್ಲ?"

ಬಾಮೈದನ ಜೊತೆ ಹಿಂದೆ ನಿಂತು ಕೇಳುತ್ತಿದ್ದ ಯಜಮಾನ ಅಲ್ಲಿಂದಲೇ ಕೂಗಿದ: "ನಾನು ಹೇಳ್ಲಿಲ್ವಾ ಸಾರ್! ಹಾಕಿ ಕೋಳ!"

ಒಂದೂಕಾಲಿಗೆ ಎಲ್ಲರೂ ಶೇಪರ್ ಸುತ್ತ ನಿಂತರು. ಇನ್ಸ್‌ಪೆಕ್ಟರ್ ಸ್ಪ್ಯಾನರನ್ನು ಪಾಲಿಶ್ ಕೈಗೆ ಕೊಟ್ಟರು.

"ಹೇಗೆ ಬಿಚ್ಚಿದ್ರಿ, ತೋರಿಸಿ."

ನಟ್ಟು ಬಿಚ್ಚಬೇಕಾದರೆ ದಂಡ ತಿರುಗದಂತೆ ಮೇಜಿನ ಅಡಿಯ ಸ್ಪ್ರಿಂಗಿನ ಪಿನ್ನನ್ನು ಎಡಗೈಯಿಂದ ಎಳೆದು ಹಿಡಿದಿರಬೇಕು, ಬಲಗೈಯಿಂದ ಸ್ಪ್ಯಾನರ್ ತಿರುಗಿಸಬೇಕು. ಪಾಲಿಶ್ ಬಗ್ಗಿ ಎರಡು ಬೆರಳಲ್ಲಿ ಪಿನ್ನು ಎಳೆದ. ಜಾರಿ ಹಿಂದಕ್ಕೆ ಹೋಯಿತು. ಮತ್ತೆ ಎಳೆದ. ಹೋಯಿತು. ಮೂರನೇ ಸಲ ಮೊಣಕೈ ಊರಿ, ಹಲ್ಲು ಕಚ್ಚಿ ಎಳೆದ. ಪಿನ್ನು ಟಕ್ಕೆಂದು ಸಿಡಿದು, ಅವನ ಕಿರುಬೆರಳಿನ ಗಿಣ್ಣಿನಲ್ಲಿ ರಕ್ತ ಜಿನುಗಿತು. ನಾಲ್ಕನೇ ಸಲಕ್ಕೆ ಕೈ ಹಾಕಿದ.

"ಬಿಡೋ," ಎಂದರು ಮೇಸ್ತ್ರಿ.

"ನೀ ಸುಮ್ನಿರಣ್ಣ. ಬರುತ್ತೆ."

"ಸಾಕು ಬಿಡೋ. ಇದೇ ಮಿಷನ್ ಮುಂದೆ ಇನ್ನೆಷ್ಟು ಸಲ ನಿನ್ನ ರಕ್ತ ನೋಡ್ಲಿ ನಾನು?" ಮೇಸ್ತ್ರಿ ಸ್ಪ್ಯಾನರನ್ನು ತಮ್ಮನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. "ಸಾರ್, ಕದ್ದಿದ್ದು ನಾನು. ಮೂರೂ ಸಲ. ಮನೇಲಿ ಇಟ್ಟಿದೀನಿ, ಬನ್ನಿ."

ಯಜಮಾನನ ಬಾಯಿ ತೆರೆದೇ ಉಳಿಯಿತು. "ಮೇಸ್ತ್ರಿ... ನೀವಾ?"

ಮನೆ ಎರಡು ಬೀದಿ ಆಚೆ. ಒಂದು ಐವತ್ತಕ್ಕೆ ಪಂಚರ ಎದುರಿನಲ್ಲಿ ಮಂಚದ ಕೆಳಗಿನ ಉಪಕರಣದ ಪೆಟ್ಟಿಗೆ ತೆರೆದರು. ನಟ್ಟು, ಬೆಲ್ಟು, ಹಳೆಯ ಅಂಗಿಯಲ್ಲಿ ಸುತ್ತಿದ ಕಟರ್. ಅಲಗುಗಳಿಗೆ ಎಣ್ಣೆ ಸವರಿತ್ತು. ಜೊತೆಗೆ ಬಡಗಿಯ ಪೆನ್ಸಿಲಿನಲ್ಲಿ ಬರೆದ ಚೀಟಿ: ಗಾರ್ಡ್ ಹಾಕಿದ ದಿನ ವಾಪಸ್ ಕೊಡುವುದು. ಚೀಟಿಯನ್ನೂ ಜಪ್ತಿ ಮಾಡಿದರು.

ಹೇಳಿಕೆಯನ್ನು ಅಲ್ಲೇ, ಮಂಚದ ಅಂಚಿನಲ್ಲಿ ಕೂತು ಬರೆದುಕೊಂಡರು.

"ಯಜಮಾನರಿಗೆ ಹೇಳಬಹುದಿತ್ತಲ್ಲ?"

"ಆರು ಸಲ ಹೇಳ್ದೆ. ನಕ್ಕರು."

"ಆ ಬಾಮೈದನಿಗೆ?"

"ಅವನಿಗೇನಂತ ಹೇಳ್ಲಿ ಸಾರ್? ನಿಮ್ಮ ತಮ್ಮನ ಕೈ ಹೇಗೆ ಹೋಯ್ತು ಅಂತ ಕೇಳಿದ್ರೆ?" ಮೇಸ್ತ್ರಿ ತಮ್ಮ ಹತ್ತು ಬೆರಳನ್ನೂ ಮೊಣಕಾಲ ಮೇಲೆ ಹರಡಿಕೊಂಡರು, ತಮ್ಮವಲ್ಲದ ಸಾಮಾನಿನಂತೆ. "ಆ ದಿನವೂ ಅರ್ಜೆಂಟ್ ಕೆಲಸ. ಗಾರ್ಡ್ ಬಿಚ್ಚಿದ್ದು ನಾನು. ಮೂರು ಸಲ ತಳ್ಳಬೇಕಲ್ಲಣ್ಣ ಅಂದ ಇವನು. ಒಂದೇ ಸಲಕ್ಕೆ ತಳ್ಳೋ, ಹೆದರುಪುಕ್ಕಲ ಅಂತ ನಕ್ಕೆ. ಆಸ್ಪತ್ರೇಲಿ ಎಚ್ಚರ ಆದಾಗ ಇವನು ಹೇಳಿದ ಮೊದಲ ಮಾತು, ಕೈ ಜಾರ್ತು, ಅಣ್ಣನದೇನೂ ಇಲ್ಲ. ಹದಿನೆಂಟು ವರ್ಷ ಅದನ್ನೇ ಹೇಳ್ಕೊಂಡು ಬಂದ. ನಾನೂ ಹೇಳೋಕೆ ಬಿಟ್ಟೆ."

ಬಾಗಿಲಲ್ಲಿ ನಿಂತಿದ್ದ ಪಾಲಿಶ್ ಹೊರಗಿನ ಬೀದಿ ನೋಡುತ್ತಿದ್ದ. "ಬಿಡಣ್ಣ, ಅದೆಲ್ಲ ಈಗ ಯಾಕೆ," ಎಂದ.

ಹೆಡ್ ಕಾನ್‌ಸ್ಟೇಬಲ್ ತನ್ನ ಕರವಸ್ತ್ರ ಹರಿದು ಅವನ ಗಿಣ್ಣಿಗೆ ಕಟ್ಟಿದಳು.

ಅವರು ಶೆಡ್ಡಿಗೆ ಮರಳಿದಾಗ ಎರಡೂ ಇಪ್ಪತ್ತು. ಎರವಲು ಕಟರ್ ಆಗಲೇ ದಂಡದ ಮೇಲೆ ಕೂತಿತ್ತು. ಬಾಮೈದ ಅಗಲ ಹಲಗೆಯೊಂದನ್ನು ಮೇಜಿನ ಮೇಲಿಟ್ಟು ಸ್ವಿಚ್ಚಿಗೆ ಕೈ ಚಾಚಿದ್ದ.

"ನಿಲ್ಸಿ!"

ಅಷ್ಟು ಗಟ್ಟಿಯಾಗಿ ಇನ್ಸ್‌ಪೆಕ್ಟರ್ ಕೂಗಿದ್ದನ್ನು ಹೆಡ್ ಕಾನ್‌ಸ್ಟೇಬಲ್ ಎಂದೂ ಕೇಳಿರಲಿಲ್ಲ.

"ಕಳ್ಳ ಸಿಕ್ಕನಲ್ಲ ಸಾರ್," ಎಂದ ಯಜಮಾನ. "ಇನ್ನೇನು?"

"ಮಿಷನ್ ಈಗ ಸಾಕ್ಷ್ಯ. ಸೀಲ್ ಮಾಡ್ತಿದೀವಿ. ಗಾರ್ಡ್ ಇರಲಿಲ್ಲ ಅಂತ ಪಂಚನಾಮೆಯಲ್ಲಿದೆ, ನಿಮ್ಮ ಸಹಿಯೂ ಇದೆ. ಒಂದು ಪ್ರತಿ ಕಾರ್ಖಾನೆ ಇಲಾಖೆಗೆ ಹೋಗುತ್ತೆ. ಅವರು ಬಂದು ನೋಡಿ ಹೇಳೋವರೆಗೆ ಯಾರೂ ಮುಟ್ಟೋ ಹಾಗಿಲ್ಲ."

"ಅಂದ್ರೆ ನಾನು ದೂರು ಕೊಟ್ಟು ನನ್ನ ಮಿಷನ್ನೇ ನಿಲ್ಲಿಸಿಕೊಂಡ ಹಾಗಾಯ್ತಲ್ಲ!"

"ಹಾಗೇ ಆಯ್ತು," ಎಂದರು ಇನ್ಸ್‌ಪೆಕ್ಟರ್.

ಬಾಮೈದ ಸ್ವಿಚ್ಚಿನಿಂದ ಕೈ ತೆಗೆದಿದ್ದ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ, ತೆಗೆದು, ಪಾಲಿಶ್‌ನ ಎಡಗೈ ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ.

ಮೂರೂವರೆಗೆ ಮೇಸ್ತ್ರಿಯನ್ನು ವಿಧಿವತ್ತಾಗಿ ದಸ್ತಗಿರಿ ಮಾಡಿದರು. ಅವರ ಬಳಿ ಸಿಕ್ಕಿದ್ದು ಒಂದು ಪೆನ್ಸಿಲ್, ಅಳತೆಯ ಟೇಪು, ಕನ್ನಡಕ. ಕನ್ನಡಕವನ್ನು ಹೆಡ್ ಕಾನ್‌ಸ್ಟೇಬಲ್ ಪಟ್ಟಿಯಲ್ಲಿ ಬರೆದು ಅವರ ಕೈಗೇ ಹಿಂತಿರುಗಿಸಿದಳು. ಜೀಪು ಹತ್ತುವಾಗ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಕಟರನ್ನ ಬಟ್ಟೇಲೇ ಇಡ್ತೀರಲ್ಲ ಸಾರ್? ತುಕ್ಕು ಬೇಗ ಹಿಡಿಯುತ್ತೆ." ಬೆಳಗಿನಿಂದ ಗಡಿಯಾರ ನೋಡಿ ನೋಡಿ ದಣಿದಿದ್ದ ಅವರ ಕಣ್ಣು ಜೀಪಿನಲ್ಲಿ ಕೂತ ಕೂಡಲೇ ಮುಚ್ಚಿತು.

ಮರುದಿನ, ಹನ್ನೆರಡನೇ ತಾರೀಕು, ಬೆಳಿಗ್ಗೆ ಎಂಟೂವರೆಗೆ ಸೀಲಿನ ಫೋಟೋ ತೆಗೆಯಲು ಹೆಡ್ ಕಾನ್‌ಸ್ಟೇಬಲ್ ಶೆಡ್ಡಿಗೆ ಹೋದಳು. ಅಟ್ಟದಿಂದಿಳಿದ ಗಾರ್ಡು ಧೂಳು ಒರೆಸಿಕೊಂಡು ಬೆಂಚಿನ ಮೇಲೆ ಕೂತಿತ್ತು. ಬಾಮೈದ ಒಬ್ಬನೇ ಇದ್ದ. ಆಕೆಯನ್ನು ಕಂಡು, ಏನೋ ಕದಿಯುವಾಗ ಸಿಕ್ಕಿಬಿದ್ದವನಂತೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮಾಡಿದ.

ಸ್ವಲ್ಪ ಹೊತ್ತಿಗೆ ಪಾಲಿಶ್ ಬಂದ. ಜಾಮೀನಿಗಾಗಿ ಹತ್ತೂವರೆಗೆ ನ್ಯಾಯಾಲಯಕ್ಕೆ ಹೋಗಬೇಕಿತ್ತು, ಅಷ್ಟರೊಳಗೆ ಎರಡು ಬಾಗಿಲು ಮುಗಿಸೋಣವೆಂದು. ಅಂಗಿ ಕಳಚಿ ಮೊಳೆಗೆ ಹಾಕಿ ತನ್ನ ಮೂಲೆಗೆ ನಡೆದ. ಮೊದಲ ಡಬ್ಬದ ಮುಚ್ಚಳಕ್ಕೆ ಎರಡು ಬೆರಳು ತಾಗಿಸಿದ. ಅದು ಅಲುಗಾಡಿತು. ಎರಡನೆಯದು, ಮೂರನೆಯದು, ಐದೂ ಸಡಿಲ.

ಅವನು ತಲೆಯೆತ್ತಿ ಶೆಡ್ಡಿನ ಆ ತುದಿಗೊಮ್ಮೆ ನೋಡಿದ. ಬಾಮೈದ ತಲೆ ತಗ್ಗಿಸಿ ನೆಲ ಗುಡಿಸುತ್ತಿದ್ದ.

ಪಾಲಿಶ್ ಏನೂ ಕೇಳಲಿಲ್ಲ.