ಸುತ್ತಿಗೆಗೆ ಬಂದ ಉತ್ತರ

ಮಿಷಿಗನ್ನಿನಲ್ಲಿ ಹಳೆಯ ಮೋಟಾರು ದೋಣಿಗಳ ಬೆಲೆ ಕಟ್ಟುವವನು ನಾನು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ದೋಣಿ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ.

ನನ್ನ ಸಹಪಾಠಿ ಆರ್ಲೀನಳ ಗಂಡ ವರ್ನ್, ಸರೋವರದಲ್ಲಿ ಮುಳುಗಿ ಸತ್ತ ಮೇಲೆ ಅವನ ದೋಣಿ ಶೆಡ್ಡಿನಲ್ಲೇ ಇತ್ತು. ಬೆಲೆ ಕಟ್ಟಲು ಅವಳು ನನ್ನನ್ನು ಕರೆಸಿದಳು. ಮಟಮಟ ಮಧ್ಯಾಹ್ನ, ಅವಳೆದುರೇ ಅದನ್ನು ಎರಡು ಸಲ ತಟ್ಟಿದೆ. ಒಳಗಿನಿಂದಲೂ ಯಾರೋ ಎರಡು ಸಲ ತಟ್ಟಿದರು. ಹಲಗೆ ಎತ್ತಿ ನೋಡಿದರೆ ಬರೀ ಧೂಳು. ಕೈಯಿಟ್ಟ ಜಾಗ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಇಲಿ ಇರ್ಬೇಕು ಬಿಡು," ಎಂದೆ.

ಆರ್ಲೀನ್ ಸುತ್ತಿಗೆ ಕಸಿದುಕೊಂಡು ತಟ್ಟಿದಳು, ಕಿವಿಯಿಟ್ಟು ಕಾದಳು. ಏನೂ ಕೇಳಿಸಲಿಲ್ಲ.

"ಚಳಿಗಾಲ ಪೂರ್ತಿ ತಟ್ಟಿದೀನಿ ಕಣೋ. ನಂಗ್ಯಾಕೆ ಒಂದ್ಸಲಾನೂ ಓಗೊಡ್ಲಿಲ್ಲ ಆ ಮಹರಾಯ?"

ಮನೆಗೆ ಹೊರಟಾಗ ಅಭ್ಯಾಸಬಲದಿಂದ ಕಾರಿನ ಸ್ಟಿಯರಿಂಗ್ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದೆ. ಖಾಲಿಯಿದ್ದ ಹಿಂದಿನ ಸೀಟಿನಿಂದ ಉತ್ತರ ಬಂತು. ಆರ್ಲೀನಳಿಗೆ ಇದನ್ನು ಇನ್ನೂ ಹೇಳಿಲ್ಲ.